ಬಿ.ಎನ್. ರಾವ್ ಸಂವಿಧಾನದಲ್ಲಿ ಎಷ್ಟು ಬರೆದರು? ಫಾರ್ವರ್ಡ್ ಬೇಡ, ದಾಖಲೆ ಹೇಳಿ

#1 ಗೋಡೆಪತ್ರಿಕೆ
ಸಂವಿಧಾನ ದಿನ, ನವೆಂಬರ್ 26 ಹತ್ತಿರ ಬಂತು, ಅದೇ ಎರಡು ಫಾರ್ವರ್ಡ್ ಶುರು. ಒಂದು: ಸಂವಿಧಾನ ಬರೆದದ್ದು ಅಂಬೇಡ್ಕರ್ ಅಲ್ಲ, ಮಂಗಳೂರಿನ ಬೆನಗಲ್ ನರಸಿಂಗ ರಾವ್. ಇನ್ನೊಂದು: ರಾವ್ ಬರೀ ಬ್ರಿಟಿಷರ ಕಾಲದ ಗುಮಾಸ್ತ, ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆ ನಕಲು ಹೊಡೆದು ಕೊಟ್ಟವ. ಗ್ರಂಥಾಲಯದ ಗೋಡೆಗೆ ರಾವ್ ಬಗ್ಗೆ ಒಂದು ಪುಟ ಹಾಕಬೇಕು, 300 ಪದ ದಾಟಬಾರದು. ಕರಡು ಅವರದ್ದಾ, ಎಷ್ಟು ಅವರದ್ದು, ಅದಕ್ಕೆ ಮೊದಲು ಏನು ಮಾಡ್ತಿದ್ದರು, ಆಮೇಲೆ ಎಲ್ಲಿ ಹೋದರು. ತಾರೀಖು ಸಮೇತ ಹೇಳಬಲ್ಲವರು ಹೇಳಿ.

#2 ಹಳೇಕಡತ
ಮೊದಲು ಕ್ರಮ ಸರಿ ಮಾಡ್ಕೊಳ್ಳಿ. ಜಗಳ ಅರ್ಧ ಅಲ್ಲೇ ಮುಗಿಯುತ್ತೆ.

1946ರ ಜುಲೈಯಲ್ಲಿ ರಾವ್ ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರಾದರು. ಸಭೆ ಮೊದಲ ಸಲ ಕೂತದ್ದು 1946ರ ಡಿಸೆಂಬರ್ 9ಕ್ಕೆ. ಅಂದ್ರೆ ಸದಸ್ಯರು ಬಂದು ಕೂರೋಕೆ ಮುಂಚೆಯೇ ಅವರ ಕೆಲಸ ಶುರುವಾಗಿತ್ತು: ಬೇರೆ ದೇಶಗಳ ಸಂವಿಧಾನಗಳಲ್ಲಿ ಯಾವ ವಿಷಯಕ್ಕೆ ಏನು ಬರೆದಿದ್ದಾರೆ ಅಂತ ಟಿಪ್ಪಣಿ ಮಾಡಿ ಸದಸ್ಯರಿಗೆ ಹಂಚೋದು. 1947ರ ಮಾರ್ಚ್‌ನಲ್ಲಿ ಕೇಂದ್ರ ಮತ್ತು ಪ್ರಾಂತ್ಯಗಳ ಶಾಸಕರಿಗೆ ಒಂದು ಪ್ರಶ್ನಾವಳಿ ಕಳಿಸಿದರು. ರಾಷ್ಟ್ರದ ಮುಖ್ಯಸ್ಥನನ್ನ ಹೇಗೆ ಆರಿಸಬೇಕು, ಶಾಸಕಾಂಗ ಹೇಗಿರಬೇಕು, ಆ ಥರದ್ದು. ಮೇ 30ಕ್ಕೆ ಕೇಂದ್ರದ ಸಂವಿಧಾನದ ಬಗ್ಗೆ ಸ್ಮರಣಪತ್ರ. ಆ ವರ್ಷದ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಬೇರೆ ಬೇರೆ ಸಮಿತಿಗಳ ವರದಿ ಮೇಲೆ ಸಭೆ ತೀರ್ಮಾನ ತಗೊಳ್ತು. ಆ ತೀರ್ಮಾನಗಳನ್ನೆಲ್ಲ ಕಾನೂನಿನ ಭಾಷೆಗೆ ಇಳಿಸಿ ರಾವ್ 1947ರ ಅಕ್ಟೋಬರ್‌ನಲ್ಲಿ ಒಂದು ಕರಡು ಕೊಟ್ಟರು: 243 ವಿಧಿ, 13 ಅನುಸೂಚಿ.

ಆಗಸ್ಟ್ 29ಕ್ಕೆ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ನೇಮಕವಾದಾಗ ಅದಕ್ಕೆ ಒಪ್ಪಿಸಿದ ಕೆಲಸ ಏನು ಗೊತ್ತಾ? ಸಭೆಯ ತೀರ್ಮಾನಗಳನ್ನ ಜಾರಿ ಮಾಡೋ ಹಾಗೆ ಸಲಹೆಗಾರರು ಸಿದ್ಧಪಡಿಸಿದ ಕರಡನ್ನ ಪರಿಶೀಲಿಸೋದು. ನಿರ್ಣಯದಲ್ಲೇ ಹಾಗಿದೆ. ಸಮಿತಿ ಅದನ್ನ ಬಿಚ್ಚಿ, ಹೊಲಿದು, 1948ರ ಫೆಬ್ರವರಿ 21ಕ್ಕೆ 315 ವಿಧಿ, 8 ಅನುಸೂಚಿಯ ತನ್ನದೇ ಕರಡು ಕೊಟ್ಟಿತು. ಕೊನೆಗೆ ಅಂಗೀಕಾರವಾದದ್ದು 395 ವಿಧಿ, 8 ಅನುಸೂಚಿ. ಮಧ್ಯೆ ಬಂದ ತಿದ್ದುಪಡಿ ಸೂಚನೆಗಳು 7,635, ಸದನದಲ್ಲಿ ಮಂಡನೆಯಾದವು 2,473.

ಒಬ್ಬರು ಬರೆದರು ಅನ್ನೋ ವಾಕ್ಯ ಇದರಲ್ಲಿ ಎಲ್ಲೂ ಕೂರಲ್ಲ.

#3 ಪಡುಗಾಳಿ
ಮಂಗಳೂರಿನವರು ಅಂತ ಹೆಮ್ಮೆ ಪಡ್ಲಿಕ್ಕೆ ಅಡ್ಡಿ ಇಲ್ಲ ಮಾರಾಯ್ರೆ. 1887ರ ಫೆಬ್ರವರಿ 26ಕ್ಕೆ ಅಲ್ಲೇ ಹುಟ್ಟಿದ್ದು, ಕೆನರಾ ಹೈಸ್ಕೂಲಿನಲ್ಲಿ ಓದಿದ್ದು, ತಂದೆ ರಾಘವೇಂದ್ರ ರಾವ್ ಡಾಕ್ಟರು. ಆದ್ರೆ ಹೆಮ್ಮೆ ಪಡ್ಲಿಕ್ಕೆ ಅಂಬೇಡ್ಕರ್ ಅವರನ್ನ ಕೆಳಗೆ ಇಳಿಸ್ಬೇಕು ಅಂತ ಯಾಕೆ? ಆ ಫಾರ್ವರ್ಡ್ ಕಳಿಸುವವರಿಗೆ ರಾವ್ ಮೇಲೆ ಪ್ರೀತಿ ಇರುವುದಲ್ಲ, ಬೇರೆ ಲೆಕ್ಕ ಉಂಟು.

#4 ಕಲಂ ಇಪ್ಪತ್ತೊಂದು
#2ಕ್ಕೆ ಒಂದು ಸಣ್ಣ ತಕರಾರು. ರಾವ್ ಕರಡಿನಲ್ಲಿ 240 ವಿಧಿ. ಅಚ್ಚಾಗಿರೋ ಪಠ್ಯ ಎಣಿಸಿ ನೋಡಿ.

#5 ಹಳೇಕಡತ
243 ಅಂದದ್ದು ನಾನಲ್ಲ ಸ್ವಾಮಿ, ಅಂಬೇಡ್ಕರ್. 1949ರ ನವೆಂಬರ್ 25ರ ಭಾಷಣ ತೆಗೆದು ನೋಡಿ.

#6 ಕಲಂ ಇಪ್ಪತ್ತೊಂದು
ಭಾಷಣದಲ್ಲಿ 243 ಇರೋದು ಹೌದು. ಅಚ್ಚಿನ ಕರಡು 240ಕ್ಕೆ ನಿಲ್ಲುತ್ತೆ ಅನ್ನೋದೂ ಹೌದು. ಅದಕ್ಕೇ ಎರಡೂ ಸಂಖ್ಯೆ ಓಡಾಡ್ತಿವೆ. ಗೋಡೆಪತ್ರಿಕೆಯವರೇ, 243 ಅಂತ ಹಾಕೋದಾದ್ರೆ "ಅಂಬೇಡ್ಕರ್ ಕೊಟ್ಟ ಲೆಕ್ಕದಂತೆ" ಅಂತ ಸೇರಿಸಿ. ಇಲ್ಲಾಂದ್ರೆ "ಸುಮಾರು 240" ಅನ್ನಿ, ಯಾರೂ ಹಿಡಿಯಲ್ಲ.

#7 ಧಾರವಾಡ ಫೇಡೆ
ಮೂರು ಕಲಮಿನ ಸಲುವಾಗಿ ಇಷ್ಟ್ ಜಗಳ ಏನ್ರೀ. ಅದ ಭಾಷಣದಾಗ ಮುಂದ ಏನ ಹೇಳ್ಯಾರ ಅದನ್ನ ಬರೀರಿ. ನನಗ ಕೊಟ್ಟ ಶ್ರೇಯ ಪೂರ್ತಿ ನಂದಲ್ಲ, ಒಂದು ಪಾಲು ಕಚ್ಚಾ ಕರಡು ಮಾಡಿಕೊಟ್ಟ ಬಿ.ಎನ್. ರಾವ್ ಅವರದು ಅಂತ ಅಂಬೇಡ್ಕರ್ ತಾವ ಹೇಳ್ಯಾರ. ಅದಾದ ಮ್ಯಾಲೆ ಕರಡು ಸಮಿತಿ ಸದಸ್ಯರಿಗೆ, ಆಮೇಲೆ ಅದಕ್ಕಿಂತ ದೊಡ್ಡ ಪಾಲು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರಿಗೆ. ಮುಖರ್ಜಿ ಹೆಸರಿನ ಫಾರ್ವರ್ಡ್ ಯಾಕ ಬರಂಗಿಲ್ಲ ಅಂತ ಯಾರರ ವಿಚಾರ ಮಾಡ್ರಿ!

#8 ಜಯನಗರ ನಾಲ್ಕನೇ ಬ್ಲಾಕ್
ಗುರು, ಆ ಭಾಷಣದ ಮೊದಲರ್ಧ ಕತ್ತರಿಸಿ ಕಳಿಸೋದೇ ಟ್ರಿಕ್. "ನನ್ನದಲ್ಲ" ಅನ್ನೋತನಕ ಸ್ಕ್ರೀನ್‌ಶಾಟ್, ಮುಂದೆ ಕಟ್.

ಇನ್ನೊಂದು ಕಡೆ ಸಾಕ್ಷಿಯೂ ಇದೆಯಲ್ಲ. 1948ರ ನವೆಂಬರ್ 5ಕ್ಕೆ ಸಭೆಯ ಸದಸ್ಯ ಟಿ.ಟಿ. ಕೃಷ್ಣಮಾಚಾರಿ ಸದನದಲ್ಲೇ ಎಣಿಸಿ ಹೇಳಿದ್ದು: ಏಳು ಜನರ ಸಮಿತಿಯಲ್ಲಿ ಒಬ್ಬರು ರಾಜೀನಾಮೆ, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿ, ಒಬ್ಬರಿಗೆ ಸರ್ಕಾರದ ಬೇರೆ ಕೆಲಸ, ಒಂದಿಬ್ಬರು ಆರೋಗ್ಯ ಸರಿ ಇಲ್ಲದೆ ದಿಲ್ಲಿಯಿಂದ ದೂರ. ಕೊನೆಗೆ ಹೊರೆ ಬಿದ್ದದ್ದು ಅಂಬೇಡ್ಕರ್ ಮೇಲೆ.

#9 ಒಡೆಯರ ಪೇಟೆ
ರಾಜೀನಾಮೆ ಕೊಟ್ಟದ್ದು ಬಿ.ಎಲ್. ಮಿತ್ತರ್. ಅವರ ಜಾಗಕ್ಕೆ ಬಂದದ್ದು ಎನ್. ಮಾಧವ ರಾವ್, ಮೈಸೂರಿನ ಮಾಜಿ ದಿವಾನರು. ಕರ್ನಾಟಕದ ನಂಟು ಬೇಕಾದವರು ಇದನ್ನೂ ಹಾಕಿಕೊಳ್ಳಿ, ಬಹಳ ಜನ ಇಬ್ಬರು ರಾವ್‌ಗಳನ್ನೂ ಒಬ್ಬರೇ ಮಾಡಿಬಿಡ್ತಾರೆ. ಮಾಧವ ರಾವ್ ಸಮಿತಿಯ ಸದಸ್ಯರು. ಬಿ.ಎನ್. ರಾವ್ ಸಮಿತಿಯ ಸದಸ್ಯರಲ್ಲ, ಸಂವಿಧಾನ ಸಭೆಯ ಸದಸ್ಯರೂ ಅಲ್ಲ. ಸದನದಲ್ಲಿ ಎದ್ದು ಮಾತಾಡೋ ಹಕ್ಕಿಲ್ಲ, ಓಟಿಲ್ಲ. ಸಂಬಳವನ್ನೂ ತಗೊಳ್ಳದೆ ಮಾಡಿದ ಕೆಲಸ.

#10 ಗೋಡೆಪತ್ರಿಕೆ
ಇದು ಬೇಕಿತ್ತು. ಆದ್ರೆ ಓದುವವರಿಗೆ ಕಣ್ಣಿಗೆ ಕಾಣೋ ಒಂದು ಉದಾಹರಣೆ ಬೇಕು. ರಾವ್ ಬರೆದದ್ದು ಹೀಗಿತ್ತು, ಸಮಿತಿ ಹೀಗೆ ಮಾಡಿತು ಅಂತ ಪಕ್ಕಪಕ್ಕ ಇಡೋಕಾಗೋ ಹಾಗೆ.

#11 ಹಳೇಕಡತ
ಪ್ರಸ್ತಾವನೆ ತಗೊಳ್ಳಿ, ಅದಕ್ಕಿಂತ ಸುಲಭದ್ದಿಲ್ಲ.

ರಾವ್ ಕರಡಿನ ಪ್ರಸ್ತಾವನೆ ಒಂದೇ ವಾಕ್ಯ. ತಾತ್ಪರ್ಯ ಇಷ್ಟು: ಎಲ್ಲರ ಹಿತ ಬಯಸುವ ಭಾರತದ ಜನರಾದ ನಾವು, ನಾವು ಆರಿಸಿದ ಪ್ರತಿನಿಧಿಗಳ ಮೂಲಕ, ಈ ಸಂವಿಧಾನವನ್ನು ನಮಗೆ ನಾವೇ ಕೊಟ್ಟುಕೊಳ್ಳುತ್ತೇವೆ. ಮುಗೀತು. "ಭಾರತದ ಜನರಾದ ನಾವು" ಅನ್ನೋ ಶುರು, "ನಮಗೆ ನಾವೇ" ಅನ್ನೋ ಮುಕ್ತಾಯ ಅಲ್ಲಿವೆ. ಆದ್ರೆ ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಯಾವುದೂ ಇಲ್ಲ.

ಮೊದಲ ಮೂರು ನೆಹರೂ ಮಂಡಿಸಿದ ಧ್ಯೇಯ ನಿರ್ಣಯದಲ್ಲಿದ್ದವು, ಸಭೆ 1947ರ ಜನವರಿ 22ಕ್ಕೆ ಒಪ್ಪಿದ್ದು. ನಾಲ್ಕನೆಯದು ಅಲ್ಲೂ ಇಲ್ಲ. ಭ್ರಾತೃತ್ವ ಸೇರಿಸಿದ್ದು ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ, ಮತ್ತು 1948ರ ಫೆಬ್ರವರಿ ಕರಡಿನ ಜೊತೆ ಹೋದ ಪತ್ರದಲ್ಲಿ ಅದನ್ನ ಬಾಯಿಬಿಟ್ಟು ಹೇಳಿದೆ: ಧ್ಯೇಯ ನಿರ್ಣಯದಲ್ಲಿ ಇರಲಿಲ್ಲ, ನಾವು ಸೇರಿಸಿದ್ದೇವೆ ಅಂತ. ಶಾಲೆ ಮಕ್ಕಳು ಬಾಯಿಪಾಠ ಹೇಳೋ ಆ ಒಂದು ಪುಟದಲ್ಲಿ ಮೂರು ಕಡೆಯ ಕೈಬರಹ ಇದೆ.

#12 ಪಡುಗಾಳಿ
ಇದು ಲಾಯ್ಕುಂಟು. ಇದನ್ನೇ ಹಾಕಿ.

#13 ಕಲಂ ಇಪ್ಪತ್ತೊಂದು
ನನ್ನ ಹೆಸರಿನ ಋಣ ತೀರಿಸ್ತೀನಿ. ರಾವ್ ಪ್ರಭಾವ ನಿಜವಾಗಿ ಎಲ್ಲಿ ಬಿತ್ತು ಅಂದ್ರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು ಕೊಡೋ 21ನೇ ವಿಧಿಯಲ್ಲಿ, ಮತ್ತು ಅದು ಒಳ್ಳೇದಕ್ಕಾ ಕೆಟ್ಟದ್ದಕ್ಕಾ ಅನ್ನೋದು ಇವತ್ತಿಗೂ ಬಗೆಹರಿದಿಲ್ಲ.

ಮೂಲಭೂತ ಹಕ್ಕುಗಳ ಉಪಸಮಿತಿ ಅಮೆರಿಕದ "ಡ್ಯೂ ಪ್ರೊಸೆಸ್" ಅನ್ನೋ ಪದಗುಚ್ಛ ಬಳಸಿತ್ತು. ಅದಿದ್ರೆ ಕೋರ್ಟು ಕಾನೂನಿನ ವಿಧಾನ ಮಾತ್ರ ಅಲ್ಲ, ಕಾನೂನೇ ನ್ಯಾಯವಾದದ್ದಾ ಅಂತ ಕೇಳಬಹುದು. ರಾವ್‌ಗೆ ಮೊದಲಿಂದಲೂ ಇದು ಒಗ್ಗದ ಮಾತು. ಅಮೆರಿಕದ ಕೋರ್ಟು ಅದೇ ಪದ ಹಿಡಿದು ಕೆಲಸದ ಅವಧಿ, ಕನಿಷ್ಠ ಕೂಲಿ ಕಾನೂನುಗಳನ್ನ ಹೊಡೆದುಹಾಕಿದ ಕಾಲ ಅವರ ಕಣ್ಣ ಮುಂದಿತ್ತು. ಇಲ್ಲಿ ಜಮೀನು ಸುಧಾರಣೆಗೂ ಅದೇ ಗತಿ ಬಂದೀತು ಅನ್ನೋ ಚಿಂತೆ. 1947ರ ಕೊನೆಗೆ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಬಂದರು. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಸಿಕ್ಕಾಗ ಅವರೂ ಅದನ್ನೇ ಅಂದರು: ನಾಲ್ಕಾರು ನ್ಯಾಯಾಧೀಶರ ಕೈಗೆ ಶಾಸಕಾಂಗದ ಮೇಲೆ ವೀಟೋ ಕೊಟ್ಟ ಹಾಗೆ, ಜೊತೆಗೆ ಕೋರ್ಟಿಗೂ ಹೊರೆ. ಕರಡು ಸಮಿತಿ ಆ ಪದ ತೆಗೆದು "ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ" ಅಂತ ಹಾಕಿತು. ಜಪಾನಿನ 1946ರ ಸಂವಿಧಾನದ 31ನೇ ವಿಧಿಯ ಮಾತು ಅದು.

ಪರಿಣಾಮ? 1950ರ ಮೇ 19ಕ್ಕೆ ಎ.ಕೆ. ಗೋಪಾಲನ್ ತೀರ್ಪು. ಶಾಸಕಾಂಗ ಮಾಡಿದ ಕಾನೂನು ಇದೆ, ಅದರ ವಿಧಾನ ಪಾಲಿಸಿದ್ದಾರೆ, ಅಲ್ಲಿಗೆ ಮುಗೀತು ಅಂದಿತು ಕೋರ್ಟು. ಮುನ್ನೆಚ್ಚರಿಕೆ ಬಂಧನ, ಅಂದ್ರೆ ವಿಚಾರಣೆ ಇಲ್ಲದೆ ಮುಂಚಿತವಾಗಿ ಹಿಡಿದಿಡೋದು, ಊರ್ಜಿತವಾಗಿ ಉಳೀತು. 1978ರ ಜನವರಿ 25ರ ಮೇನಕಾ ಗಾಂಧಿ ತೀರ್ಪಿನಲ್ಲಿ, ಆ ಪ್ರಕ್ರಿಯೆ ನ್ಯಾಯಯುತವಾಗಿ, ಸಮಂಜಸವಾಗಿ ಇರಬೇಕು ಅಂತ ಓದಿಕೊಂಡರು. ರಾವ್ ಮುಂಬಾಗಿಲಿಂದ ಹೊರಗೆ ಹಾಕಿಸಿದ್ದು ಹಿತ್ತಲಿಂದ ಒಳಗೆ ಬಂತು.

#14 ಜಯನಗರ ನಾಲ್ಕನೇ ಬ್ಲಾಕ್
ಅಂದ್ರೆ ಮುನ್ನೆಚ್ಚರಿಕೆ ಬಂಧನಕ್ಕೆ ದಾರಿ ಮಾಡಿಕೊಟ್ಟದ್ದೇ ರಾವ್. ಅದನ್ನ ಗೋಡೆಗೆ ಹಾಕ್ತೀರಾ? ಧೈರ್ಯ ಇದ್ರೆ ಹಾಕಿ.

#15 ಕಲಂ ಇಪ್ಪತ್ತೊಂದು
ಅಷ್ಟು ಸಲೀಸಾಗಿ ಒಬ್ಬರ ತಲೆಗೆ ಕಟ್ಟಬೇಡಿ. ಸಲಹೆ ಕೊಟ್ಟದ್ದು ರಾವ್, ಒಪ್ಪಿದ್ದು ಸಮಿತಿ. 1948ರ ಡಿಸೆಂಬರ್‌ನಲ್ಲಿ ಸದನದಲ್ಲಿ ವಿರೋಧ ಜೋರಾಗೇ ಬಂತು, ಕರಡು ಸಮಿತಿಯ ಸದಸ್ಯ ಕೆ.ಎಂ. ಮುನ್ಶಿ ಅವರೇ ಎದುರು ನಿಂತರು. ಅಂಬೇಡ್ಕರ್ ಎರಡೂ ಕಡೆ ಅಪಾಯ ಇದೆ ಅಂತ ಹೇಳಿ ತೀರ್ಮಾನ ಸದನಕ್ಕೇ ಬಿಟ್ಟರು. ಆಮೇಲೆ 1949ರ ಸೆಪ್ಟೆಂಬರ್‌ನಲ್ಲಿ, ಕಳೆದುಕೊಂಡದ್ದಕ್ಕೆ ಪರಿಹಾರ ಅನ್ನೋ ಹಾಗೆ ಇವತ್ತಿನ 22ನೇ ವಿಧಿ ತಂದರು: ಬಂಧಿಸಿದ ಕಾರಣ ಹೇಳಬೇಕು, ವಕೀಲರನ್ನ ನೋಡೋಕೆ ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ರಾವ್ ಸಲಹೆಯಿಂದ ಬಿದ್ದ ತೂತಿಗೆ ಅಂಬೇಡ್ಕರ್ ಹಾಕಿದ ತೇಪೆ ಅದು. ಅದೇ 22ರಲ್ಲೇ ಮುನ್ನೆಚ್ಚರಿಕೆ ಬಂಧನಕ್ಕೂ ಜಾಗ ಇದೆ ಅನ್ನೋದು ಬೇರೆ ತಲೆನೋವು.

#16 ಧಾರವಾಡ ಫೇಡೆ
ಅವರ ಮಾತು ಎಲ್ಲಾ ನಡೀತು ಅಂತನೂ ಇಲ್ರೀ. ವಿದೇಶದಿಂದ ಬಂದ ಮ್ಯಾಲೆ, ನಿರ್ದೇಶಕ ತತ್ವಕ್ಕೂ ಮೂಲಭೂತ ಹಕ್ಕಿಗೂ ಡಿಕ್ಕಿ ಆದ್ರ ನಿರ್ದೇಶಕ ತತ್ವ ಗೆಲ್ಲಬೇಕು ಅಂತ ತಿದ್ದುಪಡಿ ಬರಕೊಟ್ರು. ಕರಡು ಸಮಿತಿ ತಗೊಳ್ಳಲಿಲ್ಲ. 1971ರಾಗ 25ನೇ ತಿದ್ದುಪಡಿ ಅದ ದಾರಿ ಹಿಡೀತು, 31-ಸಿ. ಗುಮಾಸ್ತ ಅನ್ನಾವ್ರಿಗೆ ಇದನ್ನ ತೋರಿಸ್ರಿ, ಗುಮಾಸ್ತ ಇಂಥಾ ಸಲಹಾ ಕೊಡಂಗಿಲ್ಲ.

#17 ಅಣೆಕಟ್ಟು
1935ರ ಕಾಯ್ದೆ ನಕಲು ಅನ್ನೋದಕ್ಕೂ ಉತ್ತರ ಬೇಕಲ್ಲ. ರಾವ್‌ಗೆ ಆ ಕಾಯ್ದೆ ಅಂಗೈ ಗೆರೆ ಹಾಗೆ ಗೊತ್ತಿತ್ತು. ಪ್ರಾಂತೀಯ ಸ್ವಾಯತ್ತತೆ 1937ರಲ್ಲಿ ಬಂದಾಗ ಹಳೇ ಕಾನೂನುಗಳನ್ನೆಲ್ಲ ಹೊಸ ಕಾಯ್ದೆಗೆ ಹೊಂದಿಸೋ ಕೆಲಸ ಮಾಡಿದವರೇ ಅವರು. ಈ ಕೆಲಸ ಎಂಥದ್ದು ಅಂದ್ರೆ, ಒಂದು ಹಳೇ ಕಾನೂನಿನಲ್ಲಿ "ಸ್ಥಳೀಯ ಸರ್ಕಾರ" ಅಂತಿದ್ರೆ ಅದು ಈಗ ಪ್ರಾಂತೀಯ ಸರ್ಕಾರವಾ, ಕೇಂದ್ರವಾ, ವಿಷಯ ಯಾವ ಪಟ್ಟಿಯಲ್ಲಿದೆ ಅಂತ ಪ್ರತಿ ಕಲಂನಲ್ಲೂ ನೋಡಬೇಕು. ಒಂದು ಕಡೆ ತಪ್ಪಿದ್ರೆ ಕಾನೂನೇ ಬಿದ್ದುಹೋಗುತ್ತೆ. ಅಧಿಕಾರ ಹಂಚಿಕೆಯ ಮೂರು ಪಟ್ಟಿ, 93ನೇ ಕಲಂನಿಂದ ಬಂದ ಇವತ್ತಿನ 356 (ರಾಷ್ಟ್ರಪತಿ ಆಳ್ವಿಕೆ), ಇವೆಲ್ಲ ಅಲ್ಲಿಂದಲೇ. ಅಂಬೇಡ್ಕರ್ 1948ರ ನವೆಂಬರ್ 4ರ ಭಾಷಣದಲ್ಲಿ ಇದನ್ನ ಮುಚ್ಚಿಡಲೇ ಇಲ್ಲ. ಸಾಲ ತಂದದ್ದಕ್ಕೆ ನಾಚಿಕೆ ಇಲ್ಲ, ತಂದದ್ದು ಹೆಚ್ಚಾಗಿ ಆಡಳಿತದ ವಿವರ ಅನ್ನೋದೇ ನನ್ನ ಬೇಸರ ಅನ್ನೋ ಧಾಟಿ.

ಆದ್ರೆ ಮೂಲಭೂತ ಹಕ್ಕು, ವಯಸ್ಕ ಮತದಾನ, ಅಸ್ಪೃಶ್ಯತೆ ನಿಷೇಧ 1935ರಲ್ಲಿ ಎಲ್ಲಿದ್ದವು? ನಕಲಾದ್ರೆ ಇವು ಎಲ್ಲಿಂದ ಬಂದ್ವು?

ಇನ್ನೊಂದು ಕೆಲಸ ಯಾರೂ ಹೇಳೋದಿಲ್ಲ. ಕಲ್ಕತ್ತಾ ಹೈಕೋರ್ಟ್ ನ್ಯಾಯಾಧೀಶರಾಗಿದ್ದಾಗ 1941ರಲ್ಲಿ ಸಿಂಧೂ ನದಿ ಆಯೋಗದ ಅಧ್ಯಕ್ಷರಾದರು. ಪಂಜಾಬ್ ಮೇಲ್ಗಡೆ ಭಾಕ್ರಾ ಅಣೆಕಟ್ಟಿನ ಯೋಜನೆ ಹಿಡಿದಿತ್ತು. ಸಿಂಧ್ ಕೆಳಗಡೆ. ಪ್ರವಾಹ ಬಂದಾಗ ಮಾತ್ರ ತುಂಬೋ ನಮ್ಮ ಕಾಲುವೆಗಳಿಗೆ ಮಟ್ಟ ಸಿಗಲ್ಲ ಅನ್ನೋದು ಸಿಂಧ್ ದೂರು. ಆಯೋಗ 1942ರ ಜುಲೈಯಲ್ಲಿ ವರದಿ ಕೊಟ್ಟಿತು: ನೀರು ನನ್ನ ನೆಲದಲ್ಲಿ ಹರಿಯುತ್ತೆ, ಏನು ಬೇಕಾದ್ರೂ ಮಾಡ್ತೀನಿ ಅನ್ನೋ ಹಕ್ಕು ಮೇಲಿನವರಿಗೆ ಇಲ್ಲ, ಒಂದು ಹನಿ ಕಡಿಮೆಯಾಗಬಾರದು ಅನ್ನೋ ಹಕ್ಕು ಕೆಳಗಿನವರಿಗೂ ಇಲ್ಲ, ನ್ಯಾಯೋಚಿತ ಹಂಚಿಕೆಯೇ ದಾರಿ. ಎರಡೂ ಪ್ರಾಂತ್ಯಕ್ಕೆ ಸಮಾಧಾನವಾಗಲಿಲ್ಲ. ಕೃಷ್ಣಾ ನ್ಯಾಯಮಂಡಳಿ ಮುಂದೆ ಕರ್ನಾಟಕ ಮತ್ತು ಆಂಧ್ರ, ಕಾವೇರಿ ನ್ಯಾಯಮಂಡಳಿ ಮುಂದೆ ಕರ್ನಾಟಕ ಮತ್ತು ತಮಿಳುನಾಡು ದಶಕಗಟ್ಟಲೆ ಜಗಳಾಡಿದ್ದು ಇದೇ ತತ್ವದ ಸುತ್ತ.

#18 ಒಡೆಯರ ಪೇಟೆ
ಕಾವೇರಿ ಬಂತು, ಇನ್ನು ಈ ಎಳೆ ನಿಲ್ಲಲ್ಲ.

#19 ತುಂಬೆಹೂ
ಅಣೆಕಟ್ಟು ಅವರೇ, ನಿಲ್ಲಿಸಿ. ಅದೇ 1941ರಲ್ಲಿ ಶುರುವಾದ ಇನ್ನೊಂದು ಕೆಲಸ ಹೆಂಗಸರಿಗೆ ಅದಕ್ಕಿಂತ ಮುಖ್ಯ. ಹಿಂದೂ ಕಾನೂನು ಸಮಿತಿ, ಅದರ ಅಧ್ಯಕ್ಷರೂ ರಾವ್.

ಹಿನ್ನೆಲೆ ಹೀಗೆ. 1937ರಲ್ಲಿ ವಿಧವೆಯರಿಗೆ ಗಂಡನ ಆಸ್ತಿಯಲ್ಲಿ ಪಾಲು ಕೊಡೋ ಕಾನೂನು ಬಂತು. ಅದರಲ್ಲಿ ಒಂದಲ್ಲ ಹತ್ತು ತೊಡಕು. ಪಾಲು ಜೀವ ಇರೋತನಕ ಮಾತ್ರ. ಕೃಷಿ ಜಮೀನು ಪ್ರಾಂತ್ಯಗಳ ವಿಷಯವಾದ್ದರಿಂದ ಅದಕ್ಕೆ ಈ ಕಾನೂನು ಅನ್ವಯಿಸಲ್ಲ ಅಂತ ಫೆಡರಲ್ ಕೋರ್ಟ್ 1941ರಲ್ಲಿ ಹೇಳಿತು. ಹಳ್ಳಿಯಲ್ಲಿ ಆಸ್ತಿ ಅಂದ್ರೆ ಜಮೀನೇ, ಅದನ್ನ ಬಿಟ್ಟು ಉಳಿದದ್ದೇನು, ಪಾತ್ರೆ ಪರಟೆ? ಚೂರುಚೂರು ತೇಪೆ ಹಾಕೋ ಬದಲು ಪೂರ್ತಿ ಸಂಹಿತೆ ಮಾಡಬೇಕು ಅಂತ ರಾವ್ ಸಮಿತಿ ಶಿಫಾರಸು ಮಾಡಿತು. 1944ರಲ್ಲಿ ಸಮಿತಿ ಮತ್ತೆ ಕೂತು, ಕರಡು ಸಂಹಿತೆ ಮಾಡಿ, ಊರೂರು ಸುತ್ತಿ ಸಾಕ್ಷ್ಯ ತಗೊಳ್ತು. ಅಂಬೇಡ್ಕರ್ ಕಾನೂನು ಮಂತ್ರಿಯಾಗಿ ಕೈಗೆತ್ತಿಕೊಂಡ ಹಿಂದೂ ಕೋಡ್ ಬಿಲ್ಲಿನ ಬೇರು ಈ ಕರಡು. ಅದು ನಿಂತುಹೋದ ಬೇಸರವೂ ಸೇರಿ 1951ರಲ್ಲಿ ಅವರು ರಾಜೀನಾಮೆ ಕೊಟ್ಟರು. ಆಮೇಲೆ 1955-56ರಲ್ಲಿ ನಾಲ್ಕು ಕಾನೂನಾಗಿ ಒಡೆದು ಪಾಸಾಯ್ತು.

ಅಂದ್ರೆ ಒಮ್ಮೆ ಅಲ್ಲ, ಎರಡು ಸಲ ರಾವ್ ಕರಡು ಅಂಬೇಡ್ಕರ್ ಕೈಗೆ ಹೋಗಿದೆ. ಅವರಿಬ್ಬರನ್ನ ಎದುರಾಳಿ ಮಾಡೋರಿಗೆ ಇದು ಹೇಗೆ ಕಾಣಲ್ಲ?

#20 ಪಡುಗಾಳಿ
ತುಂಬೆಹೂ ಅಕ್ಕ ಹೇಳಿದ್ದಕ್ಕೆ ಮೇಲೆ ಮಾತಿಲ್ಲ.

#21 ಗೋಡೆಪತ್ರಿಕೆ
ಇವರೆಲ್ಲಿ ವಕೀಲಿ ಮಾಡಿದ್ದು? ಕಾನೂನು ಪದವಿ ಯಾವ ಕಾಲೇಜು?

#22 ಹಳೇಕಡತ
ವಕೀಲಿಯಿಂದ ಬಂದವರೇ ಅಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಕೇಂಬ್ರಿಜ್‌ನ ಟ್ರಿನಿಟಿಯಲ್ಲಿ ಗಣಿತ. ಅದೇ ಹೊತ್ತಿಗೆ ನೆಹರೂ ಕೂಡ ಟ್ರಿನಿಟಿಯಲ್ಲೇ ಇದ್ದರು. 1909ರಲ್ಲಿ ಐಸಿಎಸ್ (ಬ್ರಿಟಿಷ್ ಕಾಲದ ಆಡಳಿತ ಸೇವೆ) ಪಾಸು, ಬಂಗಾಳದಲ್ಲಿ ಕೆಲಸ, ಆಮೇಲೆ ಅಸ್ಸಾಂ ಸರ್ಕಾರದ ಶಾಸನ ರಚನೆ ಇಲಾಖೆ. ಅಲ್ಲೇ ಕರಡು ಬರೆಯೋದರಲ್ಲಿ ಕೈ ಪಳಗಿದ್ದು. ಗಣಿತದವನ ಚಾಳಿ ಕರಡಿನಲ್ಲಿ ಕಾಣುತ್ತೆ ಅನ್ನೋದು ನನ್ನ ಅನಿಸಿಕೆ: ಮೊದಲು ವ್ಯಾಖ್ಯೆ, ಆಮೇಲೆ ನಿಯಮ, ಕೊನೆಗೆ ಅಪವಾದ, ಅಲಂಕಾರಕ್ಕೆ ಜಾಗವೇ ಇಲ್ಲ. ಪ್ರಸ್ತಾವನೆ ಒಂದೇ ವಾಕ್ಯವಾದದ್ದು ಅದಕ್ಕೇ ಇರಬೇಕು.

1944-45ರಲ್ಲಿ ಜಮ್ಮು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯೂ ಆಗಿದ್ದರು. ಸ್ವಾತಂತ್ರ್ಯಕ್ಕೆ ಮುಂಚಿನ ಮಾತು, ಹರಿಸಿಂಗ್ ಕಾಲ. ಇದನ್ನ 370ಕ್ಕೆ ಗಂಟು ಹಾಕೋ ಫಾರ್ವರ್ಡ್ ಇನ್ನೂ ಬಂದಿಲ್ಲ, ಬರುತ್ತೆ. 370 ಅಂದ್ರೆ ಕರಡಿನ 306-ಎ, ಅದನ್ನ ಮಂಡಿಸಿದ್ದು ಗೋಪಾಲಸ್ವಾಮಿ ಅಯ್ಯಂಗಾರ್.

#23 ಕಲಂ ಇಪ್ಪತ್ತೊಂದು
ಈ ಸಂಖ್ಯೆ ವಿಷಯ ಬಂದದ್ದು ಒಳ್ಳೇದಾಯ್ತು. ಚರ್ಚೆಯ ದಾಖಲೆ ಹುಡುಕೋರು ಎಡವೋದು ಇಲ್ಲೇ. ಸಭೆಯ ನಡಾವಳಿಯಲ್ಲಿ 21ನೇ ವಿಧಿ ಅಂತ ಹುಡುಕಿದ್ರೆ ಬೇರೆ ಏನೋ ಸಿಗುತ್ತೆ, ಯಾಕಂದ್ರೆ ಆಗ ಅದರ ಸಂಖ್ಯೆ 15. ಬೇಕಾದವು ಇಷ್ಟು ಬರೆದಿಟ್ಟುಕೊಳ್ಳಿ: ಇವತ್ತಿನ 17 (ಅಸ್ಪೃಶ್ಯತೆ ನಿಷೇಧ) ಆಗ 11, 19 (ವಾಕ್ ಸ್ವಾತಂತ್ರ್ಯ ಇತ್ಯಾದಿ) ಆಗ 13, 32 (ಹಕ್ಕಿಗಾಗಿ ಸುಪ್ರೀಂ ಕೋರ್ಟಿಗೆ ಹೋಗೋದು) ಆಗ 25, 44 (ಏಕರೂಪ ನಾಗರಿಕ ಸಂಹಿತೆ) ಆಗ 35, 356 ಆಗ 278. ಅಂಬೇಡ್ಕರ್ 32ನೇ ವಿಧಿಯನ್ನ ಸಂವಿಧಾನದ ಹೃದಯ, ಆತ್ಮ ಅಂದ ಮಾತು ಬೇಕಾದ್ರೆ 1948ರ ಡಿಸೆಂಬರ್ 9ರ ಚರ್ಚೆಯಲ್ಲಿ 25 ಅಂತ ಹುಡುಕಬೇಕು.

ಯಾರದು ಎಷ್ಟು ಅಂತ ತಿಳಿಯೋಕೆ ಒಂದು ವಿಧಿ ಹಿಡಿದು ನಾಲ್ಕು ಪಠ್ಯ ಪಕ್ಕಪಕ್ಕ ಇಡಿ. 1947ರ ಉಪಸಮಿತಿ ವರದಿ, ಅಕ್ಟೋಬರಿನ ರಾವ್ ಕರಡು, 1948ರ ಫೆಬ್ರವರಿ ಕರಡು, ಅಂತಿಮ ಪಠ್ಯ. ಮೊದಲನೆಯದನ್ನ ಬಿಟ್ಟು ಎರಡನೆಯದರಿಂದ ಶುರು ಮಾಡಿದ್ರೆ ಎಲ್ಲವೂ ರಾವ್ ಬರೆದದ್ದು ಅನ್ನಿಸುತ್ತೆ. ಫಾರ್ವರ್ಡ್‌ನವರು ಮಾಡೋ ತಪ್ಪು ಇದು. ಅಸ್ಪೃಶ್ಯತೆ ನಿಷೇಧ ರಾವ್ ಕರಡಿನಲ್ಲಿದೆ ನಿಜ, ಆದ್ರೆ ಅದಕ್ಕೆ ಮುಂಚೆ 1947ರ ಏಪ್ರಿಲ್‌ನಲ್ಲೇ ಸಭೆ ಒಪ್ಪಿಯಾಗಿತ್ತು.

#24 ಜಯನಗರ ನಾಲ್ಕನೇ ಬ್ಲಾಕ್
ಈ ಹಳೇ ಪಠ್ಯಗಳ ಐದು ಸಂಪುಟ ಸಂಪಾದಿಸಿದ್ದು ಯಾರು? ಬಿ. ಶಿವ ರಾವ್, ಸ್ವಂತ ತಮ್ಮ. ಅಣ್ಣನ ಪಾತ್ರ ದೊಡ್ಡದು ಮಾಡಿಲ್ಲ ಅಂತ ಹೇಗೆ ನಂಬೋದು?

#25 ಹಳೇಕಡತ
ಅನುಮಾನ ಇರಲಿ, ತಪ್ಪಿಲ್ಲ. ಆದ್ರೆ ನಾಲ್ಕು ಸಂಪುಟ ಬರೀ ಮೂಲ ದಾಖಲೆ, ಅವರ ವಿವರಣೆ ಇರೋದು ಐದನೆಯದರಲ್ಲಿ. ವಿವರಣೆ ಬಿಟ್ಟು ದಾಖಲೆ ಓದಿ, ತಮ್ಮನ ಹಂಗೇ ಇಲ್ಲ. ಮತ್ತೆ ಶಿವ ರಾವ್ ಬರೀ ತಮ್ಮ ಅಲ್ಲ, ಪತ್ರಕರ್ತ, ಸಂವಿಧಾನ ಸಭೆಯ ಸದಸ್ಯ. ಅಣ್ಣನಿಗಿಲ್ಲದ ಓಟು ತಮ್ಮನಿಗಿತ್ತು!

#26 ಒಡೆಯರ ಪೇಟೆ
ಇನ್ನೊಬ್ಬ ತಮ್ಮ ಬಿ. ರಾಮ ರಾವ್, 1949ರಿಂದ 57ರವರೆಗೆ ರಿಸರ್ವ್ ಬ್ಯಾಂಕ್ ಗವರ್ನರ್. 1954ರಲ್ಲಿ ಮತ್ತೆ ಬಂದ 5,000, 10,000 ರೂಪಾಯಿ ನೋಟಿನ ಮೇಲಿರೋ ಸಹಿ ಅವರದೇ.

#27 ಧಾರವಾಡ ಫೇಡೆ
ಹತ್ತ ಸಾವಿರದ ನೋಟು! ಒಬ್ಬಾತ ಸಂವಿಧಾನ, ಒಬ್ಬಾತ ನೋಟು, ಒಬ್ಬಾತ ಪೇಪರು. ಅವರವ್ವಗ ಒಂದ ನಮಸ್ಕಾರ.

#28 ಪಡುಗಾಳಿ
ಇಂಗ್ಲಿಷಿನಲ್ಲಿ ಹುಡುಕುವಾಗ ಒಂದು ನೆನಪಿರಲಿ. ಇವರೂ ರಾಮ ರಾವ್ ಅವರೂ ರಾವ್ ಅಂತ ಬರೆಯುವಾಗ ಕೊನೆಗೆ "ಯು" ಹಾಕ್ತಾರೆ, ಶಿವ ರಾವ್ "ಓ" ಹಾಕ್ತಾರೆ. ಒಂದೇ ಮನೆ, ಎರಡು ಸ್ಪೆಲ್ಲಿಂಗ್. "ಓ" ಹಾಕಿ ಹುಡುಕಿದ್ರೆ ಅರ್ಧ ದಾಖಲೆ ಕೈಗೆ ಸಿಗುವುದಿಲ್ಲ.

#29 ಅಣೆಕಟ್ಟು
ಕೊನೆ ಭಾಗ ಯಾರೂ ಬರೆದಿಲ್ಲ. 1949ರಲ್ಲಿ ವಿಶ್ವಸಂಸ್ಥೆಗೆ ಭಾರತದ ಪ್ರತಿನಿಧಿ. 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷತೆ ಸರದಿ ಪ್ರಕಾರ ಭಾರತಕ್ಕೆ ಬಂದಿತ್ತು, ಕುರ್ಚಿಯಲ್ಲಿ ರಾವ್. ಜೂನ್ 25ಕ್ಕೆ ಕೊರಿಯಾ ಯುದ್ಧ ಶುರು. 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶ. ಅವಧಿ ಮುಗಿಸಲಿಲ್ಲ, 1953ರ ನವೆಂಬರ್ 30ಕ್ಕೆ ತೀರಿಕೊಂಡರು, 66 ವರ್ಷ. ಖಾಲಿಯಾದ ಜಾಗಕ್ಕೆ ಆರಿಸಿ ಬಂದದ್ದು ಪಾಕಿಸ್ತಾನದ ಜಫರುಲ್ಲಾ ಖಾನ್.

#30 ತುಂಬೆಹೂ
ಬರ್ಮಾ ಬಿಟ್ಟಿರಿ. 1947ರಲ್ಲಿ ಬರ್ಮಾದ ಸಂವಿಧಾನಕ್ಕೂ ಇವರ ನೆರವು ಇತ್ತು. ಅಲ್ಲಿನ ಸಲಹೆಗಾರ ಯು ಚಾನ್ ಟೂನ್ ದಿಲ್ಲಿಗೆ ಬಂದು ಇವರ ಜೊತೆ ಕೂತು ಕರಡು ಮಾಡಿದರು.

#31 ಗೋಡೆಪತ್ರಿಕೆ
300 ಪದಕ್ಕೆ ಇಷ್ಟೆಲ್ಲ ಹಿಡಿಯಲ್ಲ. ಪ್ರಸ್ತಾವನೆಯ ಹೋಲಿಕೆ, 21 ಮತ್ತು 22, ಹಿಂದೂ ಕಾನೂನು ಸಮಿತಿ, ಇಷ್ಟು ಇಟ್ಟುಕೊಳ್ತೀನಿ. ತಲೆಬರಹ "ಓಟಿಲ್ಲದ ಕರಡುಗಾರ" ಅಂತ. ಕೊನೆಗೆ "ಹೇಗ್‌ನಲ್ಲಿ ನಿಧನ" ಅಂತ ಬರೆದಿದ್ದೀನಿ.

#32 ಕಲಂ ಇಪ್ಪತ್ತೊಂದು
ಹೇಗ್ ಅಲ್ಲ, ಜ್ಯೂರಿಕ್. ಅಚ್ಚಿಗೆ ಹೋಗೋ ಮುಂಚೆ ತಿದ್ದಿ.

#33 ಜಯನಗರ ನಾಲ್ಕನೇ ಬ್ಲಾಕ್
ಮತ್ತೆ ಮುಖರ್ಜಿ ಹೆಸರು ಬಿಟ್ಟಿದ್ದೀರ.